ಸಪ್ತರ್ಷಿಮಂಡಲವೂ ಯವನರ ಕರಡಿಯೂ



1799ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ವಾರ. ಯುಗಾದಿಯ ಹಿಂದುಮುಂದಿನ ದಿನಗಳು. ಅಮಾವಾಸ್ಯೆಯು ಸಮೀಪವಾಗಿದ್ದುದರಿಂದ ಬೆಳುದಿಂಗಳಿರಲಿಲ್ಲ. ಆಕಾಶವು ಮಾತ್ರ ನಿರ್ಮಲವಾಗಿ, ನಕ್ಷತ್ರಗಳಿಂದ ತುಂಬಿದ್ದಿತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೈನ್ಯದೊಡನೆ ಕಾದಾಡಿ, ಸೋಸಲೆಯ ಬಳಿ ಕಾವೇರಿಯನ್ನು ದಾಟಿದ ಜನರಲ್ ಹ್ಯಾರಿಸನ ದಂಡು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದಿತು. ದಂಡಿಗೂ ಕೋಟೆಗೂ ನಡುವೆ ಸುಲ್ತಾನ್‌ಪೇಟೆಯ ತೋಪು. ಅದರೊಳಗೆ ಟಿಪ್ಪುವಿನ ಮುಂಚೂಣಿಯ ಸಿಪಾಯಿಗಳು ಅಡಗಿರಬಹುದೆಂದು ಶಂಕಿಸಿ, ಅದನ್ನು ಶೋಧಿಸಿ ಬರುವಂತೆ ಜನರಲ್ ಬೇರ್ಡನಿಗೆ ಅಪ್ಪಣೆಯಾಯಿತು. ಬೇರ್ಡನು ತನ್ನ ತುಕಡಿಯೊಡನೆ ರಾತ್ರಿಯಲ್ಲಿ ತೋಪನ್ನು ಹೊಕ್ಕು ನೋಡಿದನು. ಅಲ್ಲಿ ಯಾರೂ ಇರಲಿಲ್ಲ. ಬಂದ ಕೆಲಸ ಮುಗಿಯಿತೆಂದು ಶಿಬಿರದ ಕಡೆಗೆ ತಿರುಗಿ ನಡೆದನು.

ಆ ತುಕಡಿಯಲ್ಲಿ 33ನೆಯ ಕಾಲಾಳು ರೆಜಿಮೆಂಟಿಗೆ ಸೇರಿದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯೊಬ್ಬನಿದ್ದನು. ಮಿತಭಾಷಿ, ಗಣಿತದಲ್ಲಿಯೂ ಖಗೋಲಶಾಸ್ತ್ರದಲ್ಲಿಯೂ ಆಸಕ್ತನು. ಶಿಬಿರಕ್ಕೆ ಹಿಂದಿರುಗಬೇಕಾದರೆ ದಕ್ಷಿಣಕ್ಕೆ ನಡೆಯಬೇಕು. ಆದರೆ ನಡೆಯುತ್ತಿರುವವರ ಮುಖದ ನೇರಕ್ಕೆ ಆಕಾಶದಲ್ಲಿ ಕಾಣುತ್ತಿದ್ದುದು ಮಹಾ ಕರಡಿ, ಎಂದರೆ ನಮ್ಮ ಸಪ್ತರ್ಷಿಮಂಡಲ! ತುಕಡಿಯು ಉತ್ತರಕ್ಕೆ, ಟಿಪ್ಪುವಿನ ಸಮಸ್ತ ಸೈನ್ಯವು ಬೀಡುಬಿಟ್ಟಿದ್ದ ಕಡೆಗೇ ನೇರವಾಗಿ ಸಾಗುತ್ತಿದೆಯೆಂದು ಲ್ಯಾಂಬ್ಟನ್ ಕೂಡಲೇ ಬೇರ್ಡನಿಗೆ ಬಿನ್ನವಿಸಿದನು. ನಕ್ಷತ್ರಗಳನ್ನು ಕೇಳಿ ದಾರಿ ನಡೆಯುವ ಅಭ್ಯಾಸ ಬೇರ್ಡನಿಗಿರಲಿಲ್ಲ. ತನ್ನ ದಾರಿ ತನಗೆ ಗೊತ್ತೆಂದು ಆತನು ಉತ್ತರ ಕೊಟ್ಟನು. ಸ್ವಲ್ಪ ಹೊತ್ತಿನಲ್ಲಿಯೇ ಟಿಪ್ಪುವಿನ ಕಾವಲುಪಡೆಯೊಂದು ಎದುರಾಯಿತು. ಅದನ್ನು ಚೆದುರಿಸಿದ ಮೇಲೆ ಬೇರ್ಡನಿಗೆ ಅನುಮಾನ ಹುಟ್ಟಿತು. ಬೆಳಕು ಮಾಡಿಸಿ, ಜೇಬಿನಲ್ಲಿಡುವ ಚಿಕ್ಕ ದಿಕ್ಸೂಚಿಯನ್ನು ನೋಡಿದನು. ಅದೂ ಕರಡಿಯ ಮಾತನ್ನೇ ಹೇಳಿತು. ದಿಕ್ಸೂಚಿಯ ಪರೀಕ್ಷೆಯಲ್ಲಿ ನಕ್ಷತ್ರಗಳು ಗೆದ್ದವೆಂದು ಲ್ಯಾಂಬ್ಟನ್ ಮುಂದೆ ವಿನೋದವಾಗಿ ಹೇಳಿಕೊಳ್ಳುತ್ತಿದ್ದುದನ್ನು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ.

ಈ ಪ್ರಸಂಗವು ಎಷ್ಟು ಅಪಾಯಕರವಾದುದೆಂಬುದನ್ನು ತಿಳಿಯಲು ಬೇರೊಂದು ಸಂಗತಿಯನ್ನು ನೆನೆದರೆ ಸಾಕು. ಏಪ್ರಿಲ್ 5ರ ರಾತ್ರಿ ಇದೇ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ತುಕಡಿಯು ಕತ್ತಲೆಯಲ್ಲಿ ದಿಕ್ಕುಗೆಟ್ಟು ಚೆದುರಿ ಹಿಂದೆಗೆಯಿತು, ಕೆಲವರು ಸೆರೆಸಿಕ್ಕರು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ಸೇನಾಪತಿಯೇ ಈತನು. ಇನ್ನು ಬೇರ್ಡನೋ, 1780ರಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಕೊಳೆತವನು. ಆ ರಾತ್ರಿ ಇನ್ನಷ್ಟು ದೂರ ಉತ್ತರಕ್ಕೆ ನಡೆದಿದ್ದರೆ ಅದೇ ಊರಿನಲ್ಲಿ ಎರಡನೆಯ ಸಲ ಬಂದಿಯಾಗುವ ಸಂಭವವಿತ್ತು. ಹಾಗಾಗಲಿಲ್ಲ. ಮೇ 4ರಂದು ಕೋಟೆಯ ಗೋಡೆಯೊಡೆದ ಎಡೆಯಲ್ಲಿ ಲಗ್ಗೆಹತ್ತಿದ ಸೈನ್ಯಕ್ಕೆ ನಾಯಕನಾಗಿ ಮುಂದೆ ನಿಂತವನು ಈ ಬೇರ್ಡನೇ. ಅಂದು ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಒಂದು ರಾಜ್ಯದ ಅಳಿವು ಉಳಿವುಗಳು ಏಳು ನಕ್ಷತ್ರಗಳಿಂದ ನಿರ್ಣಯವಾದವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ಆ ಏಳು ನಕ್ಷತ್ರಗಳಿಗೂ ಒಂದು ಪಾತ್ರವಿತ್ತೆಂಬುದು ನಿಜ.

ಆ ರಾತ್ರಿ ಲ್ಯಾಂಬ್ಟನ್ ಧ್ರುವನಕ್ಷತ್ರವನ್ನು ನೋಡದೆ ಸಪ್ತರ್ಷಿಗಳನ್ನೇಕೆ ನೋಡಿದನು? ಧ್ರುವನು ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುವನೆಂಬುದು ಆಯಾ ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಶ್ರೀರಂಗಪಟ್ಟಣದ ಅಕ್ಷಾಂಶ ಹೆಚ್ಚು ಕಡಮೆ 12 ಅಂಶ 25 ಕಲೆ. ಆದುದರಿಂದ ಧ್ರುವನು ಅಲ್ಲಿ ದಿಗಂತಕ್ಕಿಂತ ಹನ್ನೆರಡು ಹದಿಮೂರು ಅಂಶ ಮಾತ್ರ ಮೇಲಿರುತ್ತಾನೆ. ತೋಪಿನ ಮರಗಳ ಮರೆಯಲ್ಲಿ ಆತನನ್ನು ಹುಡುಕುವುದು ಸುಲಭವಲ್ಲ. ಸಪ್ತರ್ಷಿಗಳಾದರೋ ಏಪ್ರಿಲ್ ತಿಂಗಳ ಮೊದಲಲ್ಲಿ ರಾತ್ರಿ ಹತ್ತು ಗಂಟೆಯಿಂದ ನಡುರಾತ್ರಿಯವರೆಗೆ ಉತ್ತರ ದಿಕ್ಕಿನಲ್ಲಿ ನೆತ್ತಿಗೂ ದಿಗಂತಕ್ಕೂ ಸರಿಯಾಗಿ ನಡುವೆ, ಸುಮಾರು ನಲವತ್ತೈದು ಅಂಶ ಎತ್ತರದಲ್ಲಿ ಪ್ರಕಾಶಿಸುತ್ತಾರೆ. ಮರಗಳ ಮೇಲೆ ಎದ್ದು ಕಾಣುವ ಆ ಗುರುತನ್ನು ಬಲ್ಲವನಿಗೆ ದಿಕ್ಕು ತಪ್ಪುವುದೆಂದರೇನು?

ಇನ್ನು ಲ್ಯಾಂಬ್ಟನ್ನನು ಕರಡಿಯೆಂದು ಕರೆದುದನ್ನು ನಾವು ಋಷಿಗಳೆಂದು ಕರೆಯುತ್ತೇವೆ. ಈ ಕರಡಿಯು ಎಲ್ಲಿಂದ ಬಂದಿತು? ಅದನ್ನು ತಿಳಿಯಲು ನಾವು ಕಾವೇರಿಯ ದಡವನ್ನು ಬಿಟ್ಟು ಸ್ವಲ್ಪ ಹೊತ್ತು ಗ್ರೀಸ್ ದೇಶಕ್ಕೆ, ನಮ್ಮ ಹಿರಿಯರ ಮಾತಿನಲ್ಲಿ ಯವನರ ದೇಶಕ್ಕೆ, ಹೋಗಬೇಕು.

ಗ್ರೀಸಿನಲ್ಲಿ ಆರ್ಕೇಡಿಯ ಎಂಬುದೊಂದು ಬೆಟ್ಟಗಾಡಿನ ಸೀಮೆ. ಅಲ್ಲಿಯ ದೊರೆ ಲೈಕಾಯನ್ ತನ್ನ ಕ್ರೌರ್ಯದಿಂದ ದೇವತೆಗಳ ಕೋಪಕ್ಕೆ ಗುರಿಯಾಗಿ ತೋಳವಾದನೆಂದು ಕಥೆ. ಅವನ ಮಗಳು ಕಲ್ಲಿಸ್ಟೋ. ಈಕೆ ಮೃಗಯಾದೇವತೆಯಾದ ಆರ್ಟಿಮಿಸಳ ಸಖಿಯಾಗಿ, ಕನ್ಯಾವ್ರತವನ್ನು ಹಿಡಿದು, ಬಿಲ್ಲುಬಾಣಗಳೊಡನೆ ಕಾಡಿನಲ್ಲಿ ತಿರುಗುತ್ತಿದ್ದಳು. ದೇವತೆಗಳ ಅರಸನಾದ ಸ್ಯೂಸನು ಇವಳನ್ನು ಕಂಡು ಮೋಹಗೊಂಡು, ಆರ್ಟಿಮಿಸಳ ವೇಷದಲ್ಲಿಯೇ ಬಳಿಗೆ ಬಂದು ವಂಚಿಸಿದನು. ತಿಂಗಳುಗಳು ಕಳೆದ ಮೇಲೆ ಸಖಿಯರೆಲ್ಲರೂ ತೊರೆಯಲ್ಲಿ ಸ್ನಾನಕ್ಕಿಳಿದಾಗ ಕಲ್ಲಿಸ್ಟೋ ಗರ್ಭಿಣಿಯೆಂಬುದು ಬಯಲಾಯಿತು. ತೊರೆಯ ಪವಿತ್ರವಾದ ನೀರನ್ನು ಮುಟ್ಟಬಾರದೆಂದು ಆರ್ಟಿಮಿಸಳು ಅವಳನ್ನು ಹೊರಗಟ್ಟಿದಳು. ಸ್ಯೂಸನ ಪಟ್ಟದರಸಿಯಾದ ಹೇರಾದೇವಿಯ ಕೋಪವು ಅಷ್ಟಕ್ಕೆ ತಣಿಯಲಿಲ್ಲ. ತಪ್ಪು ಮಾಡಿದವನು ಗಂಡ; ಶಿಕ್ಷೆ ಮಾತ್ರ ಆ ಹೆಣ್ಣಿಗೆ. ಆರ್ಕಸ್ ಎಂಬ ಮಗನನ್ನು ಹೆತ್ತ ಕಲ್ಲಿಸ್ಟೋವನ್ನು ಹೇರಾದೇವಿಯು ಕರಡಿಯನ್ನಾಗಿ ಮಾಡಿದಳು. ರೂಪ ಮೃಗದ್ದು, ಮನಸ್ಸು ಮನುಷ್ಯರದು. ಬೇಟೆಗಾತಿಯಾಗಿದ್ದವಳು ಬೇಟೆಗಾರರಿಗೆ ಹೆದರಿ ಓಡಬೇಕಾಯಿತು. ತಾನೇ ಕರಡಿಯೆಂಬುದನ್ನು ಮರೆತು ಬೇರೆ ಕರಡಿಗಳಿಗೂ ಹೆದರಿದಳು.

ಹದಿನೈದು ವರ್ಷಗಳ ತರುವಾಯ ಒಂದು ದಿನ ಬೇಟೆಗೆ ಬಂದ ಆರ್ಕಸನು ಈ ಕರಡಿಯನ್ನು ಕಂಡನು. ತಾಯಿಯು ಮಗನನ್ನು ಗುರುತಿಸಿ ಹತ್ತಿರ ಬಂದಳು. ಮಗನು ಗುರುತಿಸಲಾರದೆ ಈಟಿಯನ್ನೆತ್ತಿದನು. ಮಾತೃಹತ್ಯೆಯು ನಡೆಯುವ ಕ್ಷಣದಲ್ಲಿ ಸ್ಯೂಸನು ಇಬ್ಬರನ್ನೂ ಎತ್ತಿ ಆಕಾಶದಲ್ಲಿರಿಸಿದನು. ತಾಯಿಯು ಮಹಾ ಕರಡಿಯಾದಳು. ಮಗನು ಅದರ ಹಿಂದೆಯೇ ಕಾವಲುಗಾರನಾಗಿ ನಿಂತನು. ನಮ್ಮ ಸ್ವಾತಿ ನಕ್ಷತ್ರವು ಈ ಕಾವಲುಗಾರನ ಮಂಡಲದಲ್ಲಿಯೇ ಇದೆ. ಯವನರು ಅದಕ್ಕಿಟ್ಟ ಹೆಸರಿನ ಅರ್ಥವೂ 'ಕರಡಿಯನ್ನು ಕಾಯುವವನು' ಎಂದೇ. ಸವತಿಗೆ ಆಕಾಶದಲ್ಲಿ ಪದವಿ ದೊರೆತುದನ್ನು ಹೇರಾದೇವಿಯು ಸಹಿಸಲಿಲ್ಲ. ಸಮುದ್ರದೇವತೆಗಳಾದ ಓಷಿಯಾನಸ್ ಮತ್ತು ಟೆಥಿಸರ ಬಳಿಗೆ ಹೋಗಿ, ಈ ಕರಡಿಗೆ ನಿಮ್ಮ ನೀರಿನಲ್ಲಿ ಎಂದಿಗೂ ಸ್ನಾನವಾಗದಿರಲಿ ಎಂದು ಬೇಡಿಕೊಂಡಳು. ಆದುದರಿಂದಲೇ ಉಳಿದ ನಕ್ಷತ್ರಗಳೆಲ್ಲ ಕಡಲಿನಲ್ಲಿ ಮುಳುಗಿ ದಣಿವಾರಿಸಿಕೊಂಡು ಏಳುತ್ತಿರಲು, ಕರಡಿಯು ಮಾತ್ರ ಮುಳುಗದೆ ಧ್ರುವದ ಸುತ್ತ ತಿರುಗುತ್ತಲೇ ಇರಬೇಕಾಯಿತು.

ಕಥೆಯನ್ನು ಹೀಗೆ ವಿಸ್ತಾರವಾಗಿ ಹೇಳಿದವನು ಕ್ರಿಸ್ತಶಕದ ಆರಂಭದಲ್ಲಿದ್ದ ಓವಿಡ್ ಎಂಬ ರೋಮನ್ ಕವಿ. ಆದರೆ ಕರಡಿಯು ಇದಕ್ಕಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ಎಂಟನೆಯ ಶತಮಾನದವೆಂದು ಸಾಮಾನ್ಯವಾಗಿ ಹೇಳುವ ಹೋಮರನ ಕಾವ್ಯಗಳೆರಡರಲ್ಲಿಯೂ ಸಮುದ್ರಸ್ನಾನವಿಲ್ಲದ ಕರಡಿಯ ಪ್ರಸ್ತಾಪವಿದೆ. ಅದಕ್ಕೆ ಬಂಡಿಯೆಂಬ ಇನ್ನೊಂದು ಹೆಸರೂ ಇದ್ದಿತೆಂದು ಆ ಕವಿಯೇ ತಿಳಿಸುತ್ತಾನೆ. ತೆಪ್ಪದ ಮೇಲೆ ಒಂಟಿಯಾಗಿ ಊರಿಗೆ ಹಿಂದಿರುಗುವ ಒಡಿಸಿಯಸನು ಕರಡಿಯನ್ನು ಎಡಗಡೆಗೆ ಇಟ್ಟುಕೊಂಡು, ಎಂದರೆ ಮೂಡಲ ದಿಕ್ಕಿಗೆ, ನಾವೆ ನಡೆಸಿದನಂತೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅರಾಟಸ್ ಎಂಬ ಕವಿಯು ಬೇರೊಂದು ಕಥೆಯನ್ನು ಹೇಳುತ್ತಾನೆ: ಶಿಶುವಾಗಿದ್ದ ಸ್ಯೂಸನನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟು ಸಾಕಿದ ದಾದಿಯರೇ ಎರಡು ಕರಡಿಗಳಾದರಂತೆ. ಒಂದೇ ಮಂಡಲಕ್ಕೆ ಇಂತಹ ಎರಡು ಕಥೆಗಳಿರುವುದರಿಂದ, ಹೆಸರು ಮೊದಲು ಹುಟ್ಟಿತು, ಕಥೆಗಳು ಅದಕ್ಕೆ ಆಮೇಲೆ ಬಂದು ಅಂಟಿಕೊಂಡವು ಎಂದು ಊಹಿಸುವುದು ಯುಕ್ತವಾಗಿದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಟಾಲೆಮಿಯು ತನ್ನ 48 ನಕ್ಷತ್ರಮಂಡಲಗಳಲ್ಲಿ ಕರಡಿಯನ್ನೂ ಸೇರಿಸಿದನು. ಅವನ ಗ್ರಂಥವು ಅರಬ್ಬೀ ಭಾಷೆಗೆ ಪರಿವರ್ತನೆಯಾಯಿತು. ಅದರ ಮೂಲಕ ಯೂರೋಪಿಗೆ ಹಿಂದಿರುಗಿತು. ಮಂಡಲದ ಮೊದಲ ನಕ್ಷತ್ರಕ್ಕೆ ಇಂದು ಲೋಕವೆಲ್ಲ ಬಳಸುವ 'ದುಬ್ಹೆ' ಎಂಬ ಹೆಸರು ಅರಬ್ಬೀ ಭಾಷೆಯ ಕರಡಿಯೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮೇಷ ವೃಷಭಾದಿ ರಾಶಿಗಳ ವಿಷಯದಲ್ಲಿ ನಮ್ಮವರು ಯವನರಿಂದ ಪಡೆದುದು ಬಹಳ. ಹೋರಾ, ಕೇಂದ್ರ ಮುಂತಾದ ಶಬ್ದಗಳೇ ಇದಕ್ಕೆ ಸಾಕ್ಷಿ. ಆರನೆಯ ಶತಮಾನದ ವರಾಹಮಿಹಿರನು, ಈ ಶಾಸ್ತ್ರವನ್ನು ಬಲ್ಲ ಯವನರು ಋಷಿಗಳಂತೆ ಪೂಜ್ಯರೆಂದು ಸಂಕೋಚವಿಲ್ಲದೆ ಒಪ್ಪಿದ್ದಾನೆ. ಆದರೆ ಕರಡಿಯು ಆ ದಾರಿಯಿಂದ ಬಂದುದಲ್ಲ. ಯವನರ ಸಂಪರ್ಕಕ್ಕೆ ಎಷ್ಟೋ ಹಿಂದೆ, ಋಗ್ವೇದದ ಮೊದಲನೆಯ ಮಂಡಲದಲ್ಲಿಯೇ, ರಾತ್ರಿ ಎತ್ತರದಲ್ಲಿ ಕಂಡು ಹಗಲಿನಲ್ಲಿ ಮರೆಯಾಗುವ 'ಋಕ್ಷ'ಗಳ ಮಾತು ಬರುತ್ತದೆ. ಋಕ್ಷವೆಂದರೆ ಕರಡಿ, ರಾಮಾಯಣದ ಜಾಂಬವಂತನು ಋಕ್ಷರಾಜನಲ್ಲವೆ? ಸಪ್ತರ್ಷಿಗಳನ್ನೇ ಹಿಂದೆ ಋಕ್ಷಗಳೆಂದು ಕರೆಯುತ್ತಿದ್ದರೆಂದು ಶತಪಥಬ್ರಾಹ್ಮಣವು ಸ್ಪಷ್ಟವಾಗಿ ಹೇಳುತ್ತದೆ. ಸಂಸ್ಕೃತದ ಋಕ್ಷವೂ ಗ್ರೀಕರ 'ಆರ್ಕ್ಟೋಸ್' ಎಂಬುದೂ ಒಂದೇ ಮೂಲದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಉತ್ತರ ಮೇರುವಿನ ಸೀಮೆಗೆ ಯೂರೋಪಿನವರು ಕೊಟ್ಟಿರುವ ಆರ್ಕ್ಟಿಕ್ ಎಂಬ ಹೆಸರಿನಲ್ಲಿಯೂ ಈ ಕರಡಿಯೇ ಅಡಗಿದೆ. ಕಾಲಕ್ರಮದಲ್ಲಿ ನಮ್ಮಲ್ಲಿ ಋಕ್ಷ ಶಬ್ದಕ್ಕೆ ನಕ್ಷತ್ರವೆಂಬ ಸಾಮಾನ್ಯಾರ್ಥವೂ ಬಂದಿತು. ಋಕ್ಷಗಳ ಸ್ಥಾನದಲ್ಲಿ ಋಷಿಗಳು ನೆಲೆನಿಂತರು.

ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ, ಇವರೇ ಆ ಏಳು ಮಂದಿ. ಋಷಿಗಳಿಗೆ ಪತ್ನಿಯರೂ ಇರಬೇಕಷ್ಟೆ. ಮಹಾಭಾರತದ ವನಪರ್ವದಲ್ಲಿ ಸ್ಕಂದನ ಜನನದ ಕಥೆಯಿದೆ. ಅಗ್ನಿಯು ಋಷಿಪತ್ನಿಯರನ್ನು ಮೋಹಿಸಿದನು. ಸ್ವಾಹಾದೇವಿಯು ಅವರಲ್ಲಿ ಆರು ಮಂದಿಯ ರೂಪವನ್ನು ಧರಿಸಿ ಅಗ್ನಿಯನ್ನು ಸೇರಿದಳು. ಅಪವಾದವು ನಿರಪರಾಧಿಗಳಾದ ಆ ಆರು ಮಂದಿಯ ಮೇಲೆ ಬಿದ್ದಿತು. ಗಂಡಂದಿರು ಅವರನ್ನು ತ್ಯಜಿಸಿದರು. ಅವರೇ ದೂರದ ಕೃತ್ತಿಕೆಗಳಾಗಿ ನಿಂತರು. ಸ್ವಾಹಾದೇವಿಗೆ ಧರಿಸಲಾಗದ ರೂಪವೆಂದರೆ ಅರುಂಧತಿಯದು. ಆಕೆಯೊಬ್ಬಳೇ ವಸಿಷ್ಠನ ಪಕ್ಕದಲ್ಲಿ ಚಿಕ್ಕ ತಾರೆಯಾಗಿ ಉಳಿದಳು. ದೇವತೆಯೊಬ್ಬನ ಚಪಲಕ್ಕೆ ಹೆಂಗಸರು ದಂಡ ತೆತ್ತ ಕಥೆಯು ಇಲ್ಲಿಯೂ ಇದೆ, ಅಲ್ಲಿಯೂ ಇದೆ. ಕಲ್ಲಿಸ್ಟೋಗೆ ದೊರೆಯದ ನ್ಯಾಯವು ಕೃತ್ತಿಕೆಯರಿಗೂ ಗಂಡಂದಿರಿಂದ ದೊರೆಯಲಿಲ್ಲ. ನಮ್ಮ ಮದುವೆಗಳಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವಾಗ ನಾವು ಆಕೆಯೊಬ್ಬಳನ್ನು ನೆನೆಯುತ್ತೇವೆ. ಉಳಿದ ಆರು ಮಂದಿಯ ನೆನಪು ನಮಗೆ ಬರುವುದಿಲ್ಲ.

ಆದರೆ ಯವನರ ಕಥೆಗೆ ಇನ್ನೂ ಸರಿಯಾದ ಜೊತೆಯೆಂದರೆ ನಮ್ಮ ಧ್ರುವನ ಕಥೆ. ಉತ್ತಾನಪಾದರಾಯನ ತೊಡೆಯ ಮೇಲೆ ಕುಳಿತುಕೊಳ್ಳಬಂದ ಕೂಸನ್ನು ಮಲತಾಯಿ ಸುರುಚಿಯು ಹೀಯಾಳಿಸಿ ಹಿಂದಟ್ಟಿದಳು. ಮಗುವು ಕಾಡಿಗೆ ಹೋಗಿ ತಪಸ್ಸು ಮಾಡಿ, ಯಾರೂ ಎಬ್ಬಿಸಲಾಗದ ಸ್ಥಾನವನ್ನು ಶ್ರೀಹರಿಯಿಂದ ಪಡೆಯಿತು. ನೋಡಿರಿ: ಎರಡು ಕಥೆಗಳ ಬೀಜವೂ ಸವತಿಮಾತ್ಸರ್ಯವೇ. ಎರಡರಲ್ಲಿಯೂ ಭೂಮಿಯ ಮೇಲೆ ನೆಲೆ ತಪ್ಪಿದವರಿಗೆ ಆಕಾಶದ ಉತ್ತರಭಾಗದಲ್ಲಿ ನೆಲೆ ದೊರೆತಿದೆ. ಆದರೆ ಮುಳುಗದಿರುವುದು ಕಲ್ಲಿಸ್ಟೋಗೆ ಶಾಪ. ಧ್ರುವನಿಗೆ ಅದೇ ವರ. ಕಣ್ಣಿಗೆ ಕಾಣುವ ಸಂಗತಿಯೊಂದೇ. ಅದಕ್ಕೆ ಜನ ಕೊಟ್ಟ ಅರ್ಥ ಎರಡು. ಕಡಲನ್ನು ನೆಚ್ಚಿ ಬಾಳಿದ ಯವನರಿಗೆ ನೀರಿನ ಆಸರೆಯಿಲ್ಲದ ಬಾಳು ದುಃಖವೆನಿಸಿತು. ನಮ್ಮವರಿಗೆ ಚಲಿಸದ ಪದವೇ ಸುಖವೆನಿಸಿತು. ಆದರೂ ಸ್ನಾನವನ್ನು ತಪ್ಪಿಸುವುದು ಎಂತಹ ಕಠಿನ ಶಿಕ್ಷೆಯೆಂಬುದನ್ನು ಶ್ರೀರಂಗಪಟ್ಟಣದ ಜನಕ್ಕೆ ವಿವರಿಸಿ ಹೇಳಬೇಕಾಗಿಲ್ಲ. ಕಾವೇರಿಯು ಪಶ್ಚಿಮಕ್ಕೆ ತಿರುಗಿ ಹರಿಯುವ ಪಶ್ಚಿಮವಾಹಿನಿಯಲ್ಲಿ ಒಂದು ಮುಳುಗು ಹಾಕುವುದಕ್ಕಾಗಿ ಎಷ್ಟು ದೂರದಿಂದ ಜನ ಬರುತ್ತಾರೆ!

ಈಗ ಮುಖ್ಯವಾದ ಪ್ರಶ್ನೆಗೆ ಬಂದೆವು. ಹೇರಾದೇವಿಯ ಕಟ್ಟಳೆಯು ಶ್ರೀರಂಗಪಟ್ಟಣದಲ್ಲಿ ನಡೆಯುತ್ತದೆಯೆ? ಇಂಗ್ಲಿಷ್ ಪುಸ್ತಕಗಳನ್ನು ಓದಿ ಬೆಳೆದ ನಾವು, ಮಹಾ ಕರಡಿಯು ಎಂದಿಗೂ ಅಸ್ತಮಿಸದೆಂದು ಬಾಯಿಪಾಠ ಮಾಡಿರುತ್ತೇವೆ. ಅದು ಇಂಗ್ಲೆಂಡಿನಲ್ಲಿ ಸತ್ಯ. ನಮ್ಮಲ್ಲಿ ಸತ್ಯವಲ್ಲ. ಹನ್ನೆರಡೂವರೆ ಅಂಶದ ಅಕ್ಷಾಂಶದಲ್ಲಿ ಧ್ರುವಕ್ಕೆ ಬಹಳ ಸಮೀಪದಲ್ಲಿರುವ ನಕ್ಷತ್ರಗಳು ಮಾತ್ರ ಮುಳುಗದೆ ಉಳಿಯುತ್ತವೆ. ಸಪ್ತರ್ಷಿಗಳಲ್ಲಿ ಒಬ್ಬೊಬ್ಬನೂ ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆಗಳ ಕಾಲ ದಿಗಂತದ ಮೇಲಿದ್ದು, ಉಳಿದ ಒಂಬತ್ತು ಹತ್ತು ಗಂಟೆಗಳ ಕಾಲ ಕೆಳಗಿರುತ್ತಾನೆ. ತುಲಾಮಾಸದ ಸಂಜೆಯಲ್ಲಿ ಕಾವೇರಿಯ ಸೋಪಾನದ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಏಳು ಮಂದಿಯಲ್ಲಿ ಒಬ್ಬನೂ ಕಾಣನು. ಅದೇ ತಿಂಗಳಿನಲ್ಲಿ ತುಲಾಸ್ನಾನಕ್ಕೆಂದು ಅರುಣೋದಯಕ್ಕೆ ಮೊದಲೇ ನದಿಗೆ ಇಳಿಯುವವರಿಗೆ ಈಶಾನ್ಯದಲ್ಲಿ ಏಳು ಮಂದಿಯೂ ಒಬ್ಬೊಬ್ಬರಾಗಿ ಮೇಲೇರುವುದು ಕಾಣುತ್ತದೆ. ಗ್ರೀಸಿನಲ್ಲಿ ಸ್ನಾನ ತಪ್ಪಿದ ಕಲ್ಲಿಸ್ಟೋಗೆ ನಮ್ಮ ಸೀಮೆಯಲ್ಲಿ ನಿತ್ಯಸ್ನಾನ ದೊರೆಯುತ್ತದೆ!

ವಿವಾಹದ ಅರುಂಧತೀದರ್ಶನಕ್ಕೂ ಇದರಿಂದ ಒಂದು ಅನುಬಂಧವುಂಟು. ಚೈತ್ರ ವೈಶಾಖಗಳ ಮದುವೆಯಲ್ಲಿ ಸಂಜೆ ಕತ್ತಲಾದೊಡನೆ ವಸಿಷ್ಠಾರುಂಧತಿಯರು ನಿಜವಾಗಿಯೂ ಎದುರಿಗಿರುತ್ತಾರೆ. ಕಾರ್ತಿಕದ ಮದುವೆಯಲ್ಲಿ ಅವರನ್ನು ಕಾಣಬೇಕಾದರೆ ನಡುರಾತ್ರಿ ಕಳೆದು ಎರಡು ಮೂರು ಗಂಟೆಯಾಗುವವರೆಗೆ ಕಾಯಬೇಕು. ಪುರೋಹಿತರು ಬೆರಳು ತೋರಿಸಿದೊಡನೆ ಕಂಡೆವೆಂದು ತಲೆಯಾಡಿಸುವ ವಧೂವರರು ಆ ಹೊತ್ತಿನಲ್ಲಿ ನೋಡುತ್ತಿರುವುದು ಬರಿಯ ಆಕಾಶವನ್ನು.

ಗ್ರೀಸಿನಲ್ಲಿಯೂ ಹೇರಾದೇವಿಯ ಮಾತು ಈಗ ಪೂರ್ತಿಯಾಗಿ ನಡೆಯುತ್ತಿಲ್ಲ. ಭೂಮಿಯ ಅಕ್ಷವು ಬುಗುರಿಯ ಮೊಳೆಯಂತೆ ಮೆಲ್ಲಗೆ ಓಲಾಡುತ್ತ ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಹೋಮರನ ಕಾಲದಲ್ಲಿ ಧ್ರುವಬಿಂದುವು ಕರಡಿಗೆ ಈಗಿನದಕ್ಕಿಂತ ಸಮೀಪವಾಗಿದ್ದಿತು. ಏಳು ನಕ್ಷತ್ರಗಳೂ ಅಲ್ಲಿ ಮುಳುಗುತ್ತಿರಲಿಲ್ಲ. ಇಂದು ಅಥೆನ್ಸ್ ನಗರದಲ್ಲಿ ಬಾಲದ ತುದಿಯ ನಕ್ಷತ್ರವು, ಎಂದರೆ ನಮ್ಮ ಮರೀಚಿಯು, ದಿನದಲ್ಲಿ ಸ್ವಲ್ಪ ಹೊತ್ತು ದಿಗಂತದ ಕೆಳಗೆ ಇಳಿಯುತ್ತಾನೆ. ಧ್ರುವನಕ್ಷತ್ರವೂ ಹಾಗೆಯೇ: ಲ್ಯಾಂಬ್ಟನ್ ತೋಪಿನಲ್ಲಿ ನಡೆದ ರಾತ್ರಿ ಅದು ನಿಜವಾದ ಧ್ರುವಬಿಂದುವಿನಿಂದ ಒಂದೂಮುಕ್ಕಾಲು ಅಂಶದಷ್ಟು ದೂರವಿದ್ದಿತು, ಈಗ ಮುಕ್ಕಾಲು ಅಂಶಕ್ಕಿಂತಲೂ ಕಡಮೆ. ಚಲಿಸದವನೆಂದು ಹೆಸರಾದ ಧ್ರುವನೂ ಯುಗಗಳ ಲೆಕ್ಕದಲ್ಲಿ ಪದವಿ ಬಿಟ್ಟುಕೊಡುವವನೇ.

ಹೆಸರುಗಳ ಗತಿಯಂತೂ ಇದಕ್ಕಿಂತ ಚಂಚಲ. ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಗೆರೆಯೊಂದನ್ನು ಎಳೆದರೆ ಅದು ಪಾಂಡವಪುರ, ಮೇಲುಕೋಟೆಗಳನ್ನು ಹಾದು ನಾಗಮಂಗಲದ ಸಮೀಪಕ್ಕೆ ಹೋಗುತ್ತದೆ, ವಾಯವ್ಯಕ್ಕೆ ಕೃಷ್ಣರಾಜಪೇಟೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಕುಂತಿಬೆಟ್ಟದಲ್ಲಿ ಕುಂತಿಯೂ ಪಾಂಡವರೂ ವಾಸವಾಗಿದ್ದರೆಂದು ಹೇಳುತ್ತ ಬಂದ ಸುತ್ತಣ ಜನರ ಕಥೆಯೇ ಕಡೆಗೆ ಗೆದ್ದು ಊರು ಪಾಂಡವಪುರವಾಯಿತು. ಅತ್ತಿಗುಪ್ಪೆಯು ಒಡೆಯರ ಹೆಸರನ್ನು ಹೊತ್ತು ಕೃಷ್ಣರಾಜಪೇಟೆಯಾಯಿತು. ಬಂಡೆಯು ಇದ್ದಲ್ಲಿಯೇ ಇದೆ. ನೋಡಿದವರು ತಮ್ಮ ತಮ್ಮ ಮನಸ್ಸಿನಲ್ಲಿದ್ದುದನ್ನು ಅದಕ್ಕೆ ಹೆಸರಾಗಿಟ್ಟರು. ಆ ಬೆಟ್ಟದ ಮೇಲೆ ಮೂಡುವ ಏಳು ಚುಕ್ಕೆಗಳಿಗೂ ನಡೆದುದು ಅದೇ. ತೋಳವಾದ ದೊರೆಯ ಕಥೆಯನ್ನು ಕೇಳಿದವರಿಗೆ ಇನ್ನೊಂದು ಸಂಗತಿಯೂ ಸ್ವಾರಸ್ಯವಾಗಿ ತೋರೀತು: 1974ರಲ್ಲಿ ಮೇಲುಕೋಟೆಯ ಕಾಡು ವನ್ಯಧಾಮವಾದುದು ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ.

ದಿಕ್ಕಿನ ಅರಿವು ನಮ್ಮವರಿಗೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ, ಈ ದೇವಾಲಯಗಳು ದಿಕ್ಕನ್ನು ನಿರ್ಣಯಿಸದೆ ಎದ್ದವಲ್ಲ. ನೆಲದಲ್ಲಿ ಶಂಕುವನ್ನು ನೆಟ್ಟು, ಸುತ್ತಲೂ ವೃತ್ತವನ್ನು ಬರೆದು, ಬೆಳಗ್ಗೆ ಸಂಜೆ ನೆರಳಿನ ತುದಿಯು ಆ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆಯು ಸಿದ್ಧಿಸುವುದೆಂದು ನಮ್ಮ ವಾಸ್ತುಗ್ರಂಥಗಳು ವಿಧಿಸುತ್ತವೆ. ಶಂಕುಸ್ಥಾಪನೆಯೆಂಬ ಮಾತು ಇಂದಿಗೂ ನಮ್ಮ ಆಹ್ವಾನಪತ್ರಿಕೆಗಳಲ್ಲಿ ಉಳಿದಿದೆ. ಮಾತು ಉಳಿಯಿತು, ನೆರಳನ್ನು ನೋಡುವ ಅಭ್ಯಾಸ ಹೋಯಿತು.

ಲ್ಯಾಂಬ್ಟನ್ನನು ಆ ಅಭ್ಯಾಸವನ್ನು ಬಿಡಲಿಲ್ಲ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಅವನು ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಸರಪಣಿಯಿಂದ ಅಳೆದನು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನು ಅಳೆದು ತ್ರಿಕೋಣಮಾಪನವನ್ನು ಆರಂಭಿಸಿದನು. ಮದರಾಸಿನಿಂದ ಮಂಗಳೂರಿಗೆ ಅಡ್ಡಲಾಗಿ ತ್ರಿಕೋಣಗಳನ್ನು ಹೆಣೆದಾಗ, ಹಿಂದಿನ ಭೂಪಟಗಳು ಈ ದೇಶದ ಅಗಲವನ್ನು ನಲವತ್ತು ಮೈಲಿಯಷ್ಟು ಹೆಚ್ಚಾಗಿ ತೋರಿಸುತ್ತಿದ್ದುವೆಂದು ಗೊತ್ತಾಯಿತು. ಈ ಮಾಪನದ ಜೀವಾಳವೂ ನಕ್ಷತ್ರವೇ. ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ನೇರವಾಗಿ ಸುಮಾರು 44 ಕಿಲೋಮೀಟರು. ಅಷ್ಟು ದೂರ ಉತ್ತರಕ್ಕೆ ಹೋದರೆ ಧ್ರುವಬಿಂದುವು ಆಕಾಶದಲ್ಲಿ ಹತ್ತರಲ್ಲಿ ನಾಲ್ಕು ಅಂಶದಷ್ಟು ಮೇಲೇರುತ್ತದೆ. ನೆಲದ ಮೇಲಣ ದೂರವನ್ನೂ ಆಕಾಶದ ಈ ಏರಿಕೆಯನ್ನೂ ನಿಷ್ಕೃಷ್ಟವಾಗಿ ಅಳೆದು ಹೋಲಿಸಿದರೆ ಭೂಮಿಯ ಗಾತ್ರವೂ ಆಕಾರವೂ ದೊರೆಯುತ್ತವೆ. ಲ್ಯಾಂಬ್ಟನ್ 1823ರಲ್ಲಿ, ಕೆಲಸದ ನಡುವೆಯೇ, ಹಿಂಗನ್‌ಘಾಟಿನಲ್ಲಿ ತೀರಿಕೊಂಡನು. ಎವರೆಸ್ಟ್ ಎಂಬವನು ಆ ರೇಖೆಯನ್ನು ಹಿಮಾಲಯದ ತಪ್ಪಲಿನವರೆಗೆ ಮುಂದುವರಿಸಿದನು. ಈ ಮಾಪನದಿಂದ ಹೊರಟ ಭೂಪಟಗಳು ಕಂದಾಯಕ್ಕೂ ದಂಡಯಾತ್ರೆಗೂ ನೆರವಾದುವೆಂಬುದನ್ನು ಮರೆಯುವಂತಿಲ್ಲ. ನೆಲವನ್ನು ಅಳೆಯಬಲ್ಲವನ ಕೈಗೆ ನೆಲವು ಸೇರಿತು. ಆಕಾಶವನ್ನು ಕಣ್ಣಾರೆ ನೋಡುವ ಶಕ್ತಿಯು ಬರಿಯ ವಿನೋದವಲ್ಲವೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ನಮಗೆ ಬೇಕೆ?

ಆ ಏಳು ನಕ್ಷತ್ರಗಳು ಬೇರ್ಡನ ಪಕ್ಷವನ್ನೂ ವಹಿಸಲಿಲ್ಲ, ಟಿಪ್ಪುವಿನ ಪಕ್ಷವನ್ನೂ ವಹಿಸಲಿಲ್ಲ. ಎರಡು ಪಾಳೆಯಗಳ ಮೇಲೆಯೂ ಅವು ಸಮನಾಗಿ ಬೆಳಗುತ್ತಿದ್ದುವು. ತಲೆಯೆತ್ತಿ ನೋಡಿದವನಿಗೆ ದಾರಿ ಹೇಳಿದುವು, ಅಷ್ಟೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಯವನರ ಕಥೆಯನ್ನು ಓದೋಣ, ನಮ್ಮ ಪುರಾಣವನ್ನೂ ಓದೋಣ. ಎರಡೂ ಮನುಷ್ಯಹೃದಯದ ಕಥೆಗಳೇ. ಆದರೆ ಅವುಗಳನ್ನು ನಮ್ಮ ಊರಿನ ಆಕಾಶದೊಡನೆ ಒಮ್ಮೆ ಹೋಲಿಸಿ ನೋಡೋಣ. ಏಪ್ರಿಲ್ ತಿಂಗಳಿನ ಒಂದು ರಾತ್ರಿ, ಪಟ್ಟಣದ ದೀಪಗಳಿಂದ ದೂರವಾಗಿ, ಕುಂತಿಬೆಟ್ಟದ ಬುಡದಲ್ಲಿಯೋ ಮೇಲುಕೋಟೆಯ ಗುಡ್ಡದ ಮೇಲೆಯೋ ನಿಂತು ಉತ್ತರಕ್ಕೆ ಮುಖಮಾಡಿರಿ. ಸಪ್ತರ್ಷಿಗಳು ಬೋರಲಾಗಿ ಕಾಣುತ್ತಾರೆ. ಪುಲಹನಿಂದ ಕ್ರತುವಿಗೆ ಗೆರೆಯೆಳೆದು, ಅದನ್ನು ಐದರಷ್ಟು ಕೆಳಕ್ಕೆ ಬೆಳಸಿರಿ; ದಿಗಂತದ ಸಮೀಪದಲ್ಲಿ ಸಾಧಾರಣವಾದ ಕಾಂತಿಯ ಧ್ರುವನು ಸಿಕ್ಕುತ್ತಾನೆ. ಬಾಲದ ಬಾಗಿನ ನಡುವೆ ವಸಿಷ್ಠನ ಪಕ್ಕದಲ್ಲಿ ಅರುಂಧತಿಯನ್ನು ಹುಡುಕಿರಿ. ಸಂಜೆಯೇ ಹೋಗಿದ್ದರೆ ಕತ್ತಲಾದೊಡನೆ ಹಿಂದಿರುಗಿ ದಕ್ಷಿಣದ ಕಡೆಗೂ ನೋಡಿರಿ: ಕಮಂಡಲುವಿನಿಂದ ಕಾವೇರಿಯನ್ನು ಹರಿಯಿಸಿದನೆಂದು ನಾವು ಕೊಂಡಾಡುವ ಅಗಸ್ತ್ಯನು ನಕ್ಷತ್ರವಾಗಿ ಅಲ್ಲಿ ಬೆಳಗುತ್ತಿರುತ್ತಾನೆ. ಆ ಅಗಸ್ತ್ಯನನ್ನು ಅಥೆನ್ಸ್ ನಗರದವರು ತಮ್ಮ ಊರಿನಿಂದ ಎಂದಿಗೂ ಕಂಡವರಲ್ಲ. ಅವರಿಗೆ ಮುಳುಗದ ಕರಡಿ ದೊರೆಯಿತು; ನಮಗೆ ಕರಡಿಯೂ ಅಗಸ್ತ್ಯನೂ ಒಂದೇ ಸಂಜೆಯಲ್ಲಿ ದೊರೆಯುತ್ತಾರೆ. ನೋಡುವ ಕಣ್ಣು ಮಾತ್ರ ನಮ್ಮದಾಗಬೇಕು.